ಅನುರಣನ ‘ಕುಗ್ಗುತ್ತದೆ’ ಅಂದರೆ ಕುಗ್ಗುವುದು ಯಾವುದು?

ಗೆಳೆಯರೇ,

ಆಸಿಲೇಟರ್ (ವಿದ್ಯುತ್ ಕಂಪನ ಹುಟ್ಟಿಸುವ ಸರ್ಕಿಟ್) ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದೇ ಒಂದು ವಾಕ್ಯ ಎರಡು ದಿನದಿಂದ ಕಾಡುತ್ತಿದೆ: ‘ಕಾಯಿಲಿನ ರೋಧ ಜಾಸ್ತಿಯಾದರೆ ಅನುರಣನ ಕುಗ್ಗುತ್ತದೆ.’ ರೋಧ ಅಂದರೆ ರೆಸಿಸ್ಟೆನ್ಸ್; ಅನುರಣನ ಅಂದರೆ ರೆಸೊನೆನ್ಸ್, ಒಂದು ನಿರ್ದಿಷ್ಟ ಆವರ್ತನದಲ್ಲಿ ಕಂಪನ ತುಂಬಾ ಜೋರಾಗುವುದು. ಕರಡು ಓದಿದ ಗೆಳತಿ ಕೇಳಿದರು, ‘ಕುಗ್ಗುವುದು ಆವರ್ತನವಾ, ಕಂಪನದ ಎತ್ತರವಾ?’ ನ್ಯಾಯವಾದ ಪ್ರಶ್ನೆ.

ಲೆಕ್ಕ ಹಾಕಿ ನೋಡಿದೆ. 100 ಮೈಕ್ರೋಹೆನ್ರಿ ಕಾಯಿಲು, 100 ಪಿಕೋಫ್ಯಾರಡ್ ಕೆಪಾಸಿಟರು, ಸರಣಿ ಜೋಡಣೆ. ಅನುರಣನ ಬರುವುದು ಸುಮಾರು 1.59 ಮೆಗಾಹರ್ಟ್ಸ್‌ನಲ್ಲಿ. ಒಟ್ಟು ರೋಧ 10 ಓಮ್ ಇದ್ದರೆ ಕ್ಯೂ ಬೆಲೆ (ಶಿಖರ ಎಷ್ಟು ಚೂಪು ಎಂಬ ಅಳತೆ) 100. ರೋಧ 50 ಓಮ್ ಆದರೆ ಅದು 20ಕ್ಕೆ ಇಳಿಯುತ್ತದೆ. ಆಗ ಕರೆಂಟಿನ ಶಿಖರ ಐದರಲ್ಲಿ ಒಂದು ಪಾಲಾಗುತ್ತದೆ. ಪಟ್ಟೆಯ ಅಗಲ (ಬ್ಯಾಂಡ್‌ವಿಡ್ತ್, ಶಿಖರದ ಸುತ್ತ ಕರೆಂಟು ಜೋರಾಗಿರುವ ಆವರ್ತನಗಳ ಹರವು) 16 ಕಿಲೋಹರ್ಟ್ಸ್ ಇದ್ದದ್ದು 80 ಆಗುತ್ತದೆ. ಆದರೆ ಆ ಶಿಖರ ನಿಂತ ಆವರ್ತನ ಮಾತ್ರ ಕದಲುವುದೇ ಇಲ್ಲ! ಒಮ್ಮೆ ತಟ್ಟಿ ಸುಮ್ನೆ ಬಿಟ್ಟರೆ ತಾನಾಗಿ ನಡೆಯುವ ಕಂಪನದ ಆವರ್ತನ ಸ್ವಲ್ಪ ಇಳಿಯುತ್ತದೆ, ಅದೂ 50 ಓಮ್ ಇದ್ದಾಗ 10,000ಕ್ಕೆ ಮೂರು ಪಾಲಿನಷ್ಟು.

ಹಾಗಾಗಿ ‘ಕುಗ್ಗು’ ಒಂದೇ ಸಾಲದು. ಶಿಖರ ತಗ್ಗುತ್ತದೆ, ಪಟ್ಟೆ ಹರಡುತ್ತದೆ, ಬಿಟ್ಟ ಕಂಪನ ಅಡಗುತ್ತದೆ ಎಂದು ಬಿಡಿಸಿ ಬರೆಯೋಣ ಅನ್ನಿಸಿದೆ. ಸದ್ದು ಅಡಗಿತು ಅಂತೀವಲ್ಲ, ಅದೇ ‘ಅಡಗು’. ಹೀಗೆ ಕಂಪನ ಅಡಗುವುದಕ್ಕೆ, ಅಂದರೆ ಡ್ಯಾಂಪಿಂಗ್‌ಗೆ, ‘ಅವಮಂದನ’ ಸಾಕು ಎಂದು ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ‘ಮಂದ’ ಎಂದ ಕೂಡಲೇ ಓದುವವರಿಗೆ ವೇಗ ಕಡಿಮೆಯಾದಂತೆ ಕೇಳುತ್ತದೆ. ಇಲ್ಲಿ ಮುಖ್ಯವಾಗಿ ಕಡಿಮೆಯಾಗುವುದು ಎತ್ತರ, ವೇಗ ಇಳಿಯುವುದು ಲೆಕ್ಕಕ್ಕಿಲ್ಲದಷ್ಟು. ‘ಇಂಗು’ ಕೂಡ ಮನಸ್ಸಿಗೆ ಬಂತು. ಶಕ್ತಿ ಬಿಸಿಯಾಗಿ ತಂತಿಯೊಳಗೇ ಇಂಗಿಹೋಗುತ್ತದೆ, ಅದು ಕಾರಣವನ್ನೂ ಹೇಳುತ್ತದೆ. ಆದರೆ ‘ಕಂಪನ ಇಂಗಿತು’ ಎಂದರೆ ಕಿವಿಗೆ ಹಿತವಾಗುತ್ತಿಲ್ಲ.

ಅನುರಣನದಲ್ಲಿ ‘ರಣನ’ ಎಂಬ ಸದ್ದಿದೆ, ಸರ್ಕಿಟ್‌ನಲ್ಲಿ ಸದ್ದೆಲ್ಲಿ ಎಂದೂ ಕೆಲವರು ಕೇಳುತ್ತಾರೆ. ಅದನ್ನು ಬದಲಿಸುವುದು ಬೇಡ. ಗಂಟೆಯ ನಾದ ಹೇಗೆ ಉಳಿದು ಅಡಗುತ್ತದೋ ಇದೂ ಹಾಗೆಯೇ, ಪದ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ತೊಡಕು ಉಳಿದಿದೆ, ನನಗೆ ನಿಜಕ್ಕೂ ನೆರವು ಬೇಕಿರುವುದು ಇಲ್ಲೇ. ಕಾಯಿಲು, ಕೆಪಾಸಿಟರುಗಳು ತಮ್ಮಲ್ಲೇ ಇಟ್ಟುಕೊಂಡ ರೋಧವನ್ನು ಏನೆನ್ನಬೇಕು? ಬರೀ ‘ರೋಧ’ ಎಂದರೆ ಮಕ್ಕಳು ಚಿತ್ರದಲ್ಲಿ ರೋಧಕವನ್ನು (ರೆಸಿಸ್ಟರ್) ಹುಡುಕುತ್ತಾರೆ. ಅಲ್ಲಿ ರೋಧಕವೇ ಇರುವುದಿಲ್ಲ. ‘ಆಂತರಿಕ ರೋಧ’ ಎಂದರೆ ಬ್ಯಾಟರಿಯ ನೆನಪು ಬರುತ್ತದೆ. ‘ಹುದುಗಿದ ರೋಧ’ ಎನ್ನಬಹುದಾ? ಆಸಿಲೇಟರಿನಲ್ಲಿ ಆಂಪ್ಲಿಫೈಯರ್ ತುಂಬಿಕೊಡಬೇಕಾದ ನಷ್ಟದ ಮುಖ್ಯ ಪಾಲು ಇದರದ್ದೇ. ಅಷ್ಟು ತುಂಬಿಕೊಡದಿದ್ದರೆ ಕಂಪನ ಶುರುವಾಗುವುದೇ ಇಲ್ಲ. ಇಷ್ಟು ಮುಖ್ಯವಾದದ್ದಕ್ಕೆ ಒಂದು ಹೆಸರು ಬೇಕಲ್ವಾ? ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ, ದಯವಿಟ್ಟು ತಿಳಿಸಿ.