6ಜಿ ಪೈಪ್ ಅಭ್ಯಾಸಕ್ಕೆ ಯಾವ ಟಂಗ್‌ಸ್ಟನ್, ಯಾವ ಫಿಲ್ಲರ್ ರಾಡ್?

ಪ್ರಶ್ನೆ

ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಮುಗಿಸಿ ಈಗ ಒಂದು ಫ್ಯಾಬ್ರಿಕೇಷನ್ ಶಾಪಿನಲ್ಲಿ ಆರ್ಕ್ ವೆಲ್ಡಿಂಗ್ ಮಾಡುತ್ತಿದ್ದೇನೆ. ಮುಂದೆ ರಿಫೈನರಿಗಳ ಷಟ್‌ಡೌನ್ ಕೆಲಸಕ್ಕೆ (ದುರಸ್ತಿಗಾಗಿ ಸ್ಥಾವರ ನಿಲ್ಲಿಸಿದಾಗಿನ ಕೆಲಸ) ಹೋಗುವ ಆಸೆಯಿದೆ. ಕೆಲಸ ಮುಗಿದ ಮೇಲೆ ಟಿಗ್‌ನಲ್ಲಿ (ಟಂಗ್‌ಸ್ಟನ್ ಎಲೆಕ್ಟ್ರೋಡಿನಿಂದ ಕರಗಿಸಿ, ಫಿಲ್ಲರ್ ರಾಡನ್ನು ಕೈಯಿಂದ ಕೊಡುವ ವಿಧಾನ) 6ಜಿ ಪೈಪ್, ಅಂದರೆ 45 ಡಿಗ್ರಿ ಓರೆಯಾಗಿಟ್ಟು ತಿರುಗಿಸದೆ ಬೆಸೆಯುವ ಪೈಪ್, ಅಭ್ಯಾಸ ಮಾಡಲು ಮಾಲೀಕರು ಒಪ್ಪಿದ್ದಾರೆ, ಆದರೆ ಸಾಮಗ್ರಿಯ ಖರ್ಚೆಲ್ಲ ನನ್ನದು. ಯಂತ್ರ 200 ಆಂಪಿಯರಿನ ಡಿಸಿ ಇನ್ವರ್ಟರ್, ಪೈಪು ಕಾರ್ಬನ್ ಸ್ಟೀಲಿನದು. ಅಂಗಡಿಯಲ್ಲಿ ಕೆಂಪು, ಬೂದು, ಚಿನ್ನ, ಹಸಿರು ಬಣ್ಣದ ಟಂಗ್‌ಸ್ಟನ್‌ಗಳನ್ನು ತೋರಿಸಿದರು. ರಾಡಿನಲ್ಲಿ ಇಆರ್70ಎಸ್-2 ಮತ್ತು ಇಆರ್70ಎಸ್-6 ಎರಡೂ ಇವೆ. ಎರಡನೆಯದರ ಬೆಲೆ ಸ್ವಲ್ಪ ಕಡಿಮೆ. ಯಾವುದನ್ನು, ಯಾವ ದಪ್ಪದಲ್ಲಿ ಕೊಳ್ಳುವುದು ಸರಿ?

ಉತ್ತರ 1

ಹಸಿರನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಅದು ಶುದ್ಧ ಟಂಗ್‌ಸ್ಟನ್, ಎಸಿಯಲ್ಲಿ ಅಲ್ಯುಮಿನಿಯಂ ಬೆಸೆಯುವವರಿಗೆ. ಡಿಸಿಯಲ್ಲಿ ಅದರ ಚೂಪು ನಿಲ್ಲುವುದಿಲ್ಲ. ಕೆಂಪು ಬಣ್ಣದ್ದರಲ್ಲಿ ಶೇ. 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ. ಆರ್ಕ್ ಸ್ಥಿರವಾಗಿರುವುದರಿಂದ ಹಳೆಯ ಪೈಪ್ ವೆಲ್ಡರುಗಳು ಇಂದಿಗೂ ಅದನ್ನೇ ಕೇಳುತ್ತಾರೆ, ಆದರೆ ಥೋರಿಯಂ ವಿಕಿರಣಶೀಲ ಧಾತುವಾದ್ದರಿಂದ ಗ್ರೈಂಡ್ ಮಾಡುವಾಗ ಏಳುವ ಧೂಳು ಶ್ವಾಸಕೋಶ ಸೇರುವುದು ಒಳ್ಳೆಯದಲ್ಲ, ಮತ್ತು ಅಭ್ಯಾಸದ ದಿನಗಳಲ್ಲಿ ತುದಿ ಪದೇಪದೇ ಕರಗಿದ ಲೋಹಕ್ಕೆ ತಾಗುವುದರಿಂದ ನೀವು ಬೆಸೆಯುವುದಕ್ಕಿಂತ ಹೆಚ್ಚಾಗಿ ಗ್ರೈಂಡರ್ ಮುಂದೆಯೇ ನಿಂತಿರುತ್ತೀರಿ. ಹಾಗಾಗಿ ಶೇ. 1.5ರ ಲ್ಯಾಂಥನಮ್ ಇರುವ ಚಿನ್ನದ ಬಣ್ಣದ್ದನ್ನು 2.4 ಮಿ.ಮೀ. ದಪ್ಪದಲ್ಲಿ ಕೊಳ್ಳಿರಿ. ತುದಿಯನ್ನು ಉದ್ದಕ್ಕೆ ಮಾತ್ರ ಉಜ್ಜಬೇಕು. ಅಡ್ಡಗೀರುಗಳಿದ್ದರೆ ಆರ್ಕ್ ಅತ್ತಿತ್ತ ಅಲೆಯುತ್ತದೆ. ಚೂಪಿನ ಉದ್ದ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇರಲಿ.

ರಾಡು ರೂಟಿಗೆ (ಒಳಗೋಡೆಯ ಬಳಿಯ ಮೊದಲ ಪದರಕ್ಕೆ) ಇಆರ್70ಎಸ್-2 ಇರಲಿ, ಅದೂ 2.4 ಮಿ.ಮೀ. ಮ್ಯಾಂಗನೀಸ್, ಸಿಲಿಕಾನ್‌ಗಳ ಜೊತೆಗೆ ಟೈಟಾನಿಯಂ, ಜಿರ್ಕೋನಿಯಂ ಮತ್ತು ಅಲ್ಯುಮಿನಿಯಂ ಕೂಡ ಅದರಲ್ಲಿ ಅಲ್ಪ ಪ್ರಮಾಣದಲ್ಲಿದ್ದು, ಅವು ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಪೈಪಿನ ಅಂಚಿನಲ್ಲಿ ಸ್ವಲ್ಪ ತುಕ್ಕಿನ ಅಂಶ ಉಳಿದಿದ್ದರೂ ಪೊರಾಸಿಟಿ (ಲೋಹದೊಳಗೆ ಗಾಳಿತೂತು) ಬರುವ ಸಾಧ್ಯತೆ ಕಡಿಮೆ. ಕರಗಿದ ಲೋಹ ಕೊಂಚ ಗಟ್ಟಿಯಾಗಿ ನಿಲ್ಲುತ್ತದೆ, ಆದ್ದರಿಂದ ಪೈಪಿನ ತಳಭಾಗದಲ್ಲಿ ಅದನ್ನು ಹಿಡಿತದಲ್ಲಿಡುವುದು ಸುಲಭ.

ಉತ್ತರ 2

ಟಂಗ್‌ಸ್ಟನ್ ವಿಷಯದಲ್ಲಿ ಮೇಲಿನವರ ಮಾತಿಗೆ ನನ್ನ ಸಹಮತವಿದೆ. ರಾಡಿನ ವಿಷಯದಲ್ಲಿ ಅಷ್ಟು ಬಿಗಿ ಬೇಡವೆನಿಸುತ್ತದೆ. ಎರಡೂ ರಾಡುಗಳ ಕನಿಷ್ಠ ಕರ್ಷಣ ಬಲ ಒಂದೇ, 480 ಮೆಗಾಪಾಸ್ಕಲ್. ವೆಲ್ಡರುಗಳ ಅರ್ಹತಾ ಪರೀಕ್ಷೆಯ ನಿಯಮಗಳಿರುವ ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ ಎರಡೂ ಎಫ್-ನಂಬರ್ 6ಕ್ಕೆ (ಒಂದೇ ಫಿಲ್ಲರ್ ಗುಂಪಿಗೆ) ಸೇರಿರುವುದರಿಂದ ಒಂದರಲ್ಲಿ ಪಾಸಾದ ವೆಲ್ಡರ್ ಇನ್ನೊಂದಕ್ಕೂ ಅರ್ಹನೇ. ಇಆರ್70ಎಸ್-6ರಲ್ಲಿ ಸಿಲಿಕಾನ್ ಹೆಚ್ಚಾಗಿರುವುದರಿಂದ ಲೋಹ ತೆಳುವಾಗಿ ಹರಿದು ಅಂಚುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಮಣಿ (ಬೆಸುಗೆಯ ಸಾಲು) ನುಣುಪಾಗಿ ಬರುತ್ತದೆ. ಮೇಲೆ ಗಾಜಿನಂತಹ ಕಂದು ಚುಕ್ಕೆಗಳು ಉಳಿದರೆ ಮುಂದಿನ ಪಾಸಿಗೆ (ಪದರಕ್ಕೆ) ಮುಂಚೆ ವೈರ್ ಬ್ರಷ್‌ನಿಂದ ತೆಗೆದರಾಯಿತು. ಮಿಗ್ ವೆಲ್ಡಿಂಗ್ ಯಂತ್ರದ ಸುರುಳಿ ವೈರನ್ನು ಕತ್ತರಿಸಿ ನೆಟ್ಟಗೆ ಮಾಡಿ ರಾಡಿನಂತೆ ಬಳಸುವವರೂ ಇದ್ದಾರೆ, ಆದರೆ 1.2 ಮಿ.ಮೀ. ವೈರಿನಿಂದ ಪೈಪಿನ ರೂಟ್ ತುಂಬಲು ಹೊರಟರೆ ಕೈ ಸೋಲುತ್ತದೆ.

ನನ್ನ ಮಟ್ಟಿಗೆ ರಾಡಿಗಿಂತ ಎರಡು ಪೈಪುಗಳ ನಡುವಿನ ಗ್ಯಾಪ್ ಮುಖ್ಯ. ರಾಡನ್ನು ಗ್ಯಾಪಿನ ಮೇಲೆ ಮಲಗಿಸಿ ನಡೆಸುವುದಾದರೆ ಗ್ಯಾಪ್ ರಾಡಿಗಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು. ರಾಡನ್ನು ಒಳಗೆ ತೂರಿಸಿ ತುಂಬುವುದಾದರೆ 3 ಮಿ.ಮೀ. ಬೇಕು. ಟ್ಯಾಕ್ (ಪೈಪುಗಳನ್ನು ಹಿಡಿದಿಡಲು ಮೊದಲು ಹಾಕುವ ಸಣ್ಣ ಬೆಸುಗೆ) ತಣ್ಣಗಾದಾಗ ಗ್ಯಾಪ್ ಮುಚ್ಚಿಕೊಳ್ಳುವುದರಿಂದ ರಾಡಿನ ತುಂಡೊಂದನ್ನು ಇಂಗ್ಲಿಷಿನ ವಿ ಆಕಾರಕ್ಕೆ ಬಗ್ಗಿಸಿ ಎರಡು ಪೈಪುಗಳ ನಡುವೆ ಇಟ್ಟು ಟ್ಯಾಕ್ ಮಾಡಿ, ಟ್ಯಾಕಿನ ಎರಡೂ ತುದಿಗಳನ್ನು ಗ್ರೈಂಡರ್‌ನಿಂದ ತೆಳ್ಳಗೆ ಇಳಿಜಾರು ಮಾಡಿ. ತಳಭಾಗದಲ್ಲಿ ಲೋಹ ತನ್ನ ಭಾರಕ್ಕೆ ಹೊರಗೆ ಜೋಲುತ್ತದೆ, ಪೈಪಿನ ಒಳಗೆ ರೂಟ್ ಗುಳಿಬೀಳುತ್ತದೆ. ಅಲ್ಲಿ ರಾಡಿನ ತುದಿಯನ್ನು ಒಳಗೋಡೆಯ ಮಟ್ಟದವರೆಗೂ ಒತ್ತಿ ಕೊಡಬೇಕು. ಯಾವ ರಾಡು ಕೊಂಡರೂ ಈ ಕೆಲಸ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗುಜರಿಯಲ್ಲಿ ಹಳೆಯ ಜಿಐ (ಸತು ಲೇಪಿಸಿದ) ಪೈಪಿನ ತುಂಡುಗಳು ಅಗ್ಗವಾಗಿ ಸಿಗುತ್ತವೆ, ಅವುಗಳನ್ನು ಬಳಸಬಹುದೇ? ರೂಟ್ ಆದ ಮೇಲೆ ಉಳಿದದ್ದನ್ನು ಶಾಪಿನ ಆರ್ಕ್ ವೆಲ್ಡಿಂಗ್‌ನಲ್ಲೇ (ಲೇಪನವಿರುವ ರಾಡಿನಿಂದ) ತುಂಬಿದರೆ ಹೇಗೆ?

ಉತ್ತರ 3

ಜಿಐ ಪೈಪು ಬೇಡವೇ ಬೇಡ. ಸತುವಿನ ಹೊಗೆ ಜ್ವರ ತರುತ್ತದೆ, ಲೋಹದಲ್ಲಿ ತೂತುಗಳು ಏಳುತ್ತವೆ, ಟಂಗ್‌ಸ್ಟನ್ ತುದಿಯೂ ಕೊಳೆಯಾಗುತ್ತದೆ. 2 ಇಂಚಿನ ಷೆಡ್ಯೂಲ್ 80 (ದಪ್ಪ ಗೋಡೆಯ) ಕಪ್ಪು, ಅಂದರೆ ಸತು ಲೇಪಿಸದ, ಪೈಪನ್ನೇ ಕೊಳ್ಳಿರಿ. ಅದರ ಹೊರವ್ಯಾಸ 60.3 ಮಿ.ಮೀ., ಗೋಡೆ ಸುಮಾರು 5.5 ಮಿ.ಮೀ. ಸೆಕ್ಷನ್ 9ರಲ್ಲಿ ಈ ಅಳತೆಯ ಪೈಪಿನ ಮೇಲೆ ಪರೀಕ್ಷೆ ಕೊಟ್ಟವರಿಗೆ 25 ಮಿ.ಮೀ. ಹೊರವ್ಯಾಸದಿಂದ ಮೇಲಕ್ಕೆ ಎಲ್ಲ ಅಳತೆಗಳೂ ಸಲ್ಲುತ್ತವೆ. 6 ಇಂಚಿನದರಲ್ಲಿ ಕೊಟ್ಟರೆ 73 ಮಿ.ಮೀ.ಗಿಂತ ಕಿರಿದಾದ ಪೈಪು ಸಲ್ಲುವುದಿಲ್ಲ.

ಆರ್ಕ್ ತುಂಬುವುದನ್ನು 6 ಇಂಚಿನ ದಪ್ಪ ಪೈಪಿಗೆ ಇಟ್ಟುಕೊಳ್ಳಿ. ಅಲ್ಲಿಯೂ ರೂಟಿನ ಮೇಲೆ ಟಿಗ್‌ನಲ್ಲೇ ಒಂದು ಹಾಟ್ ಪಾಸ್ (ಎರಡನೇ ಪದರ) ಹಾಕಿದ ನಂತರವೇ ಆರ್ಕ್ ವೆಲ್ಡಿಂಗ್‌ನ ಇ7018 ರಾಡು ಎತ್ತಿಕೊಳ್ಳಿ, ಇಲ್ಲದಿದ್ದರೆ ತೆಳು ರೂಟ್ ಸುಟ್ಟು ತೂತಾಗುತ್ತದೆ. ಶಾಪಿನಲ್ಲಿ ಇ6013 ಧಾರಾಳವಾಗಿರುತ್ತದೆಂದು ಅದನ್ನು ಬಳಸಬೇಡಿ, ಪರೀಕ್ಷೆಯಲ್ಲಿ ಕೊಡುವುದು ಇ7018 ಆಗಿರುವ ಸಾಧ್ಯತೆಯೇ ಹೆಚ್ಚು. ಮಳೆಗಾಲದಲ್ಲಿ ತೆರೆದಿಟ್ಟ ಇ7018 ಪೊಟ್ಟಣ ತೇವ ಹೀರಿರುತ್ತದೆ. ತಯಾರಕರು ಪೊಟ್ಟಣದ ಮೇಲೆ ಬರೆದಿರುವ ಶಾಖದಲ್ಲಿ ಬೇಕ್ ಮಾಡದೆ ಅದನ್ನು ಹೋಲ್ಡರಿಗೆ ಹಾಕಬೇಡಿ.