ರೀಲೋಡಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು (ಡಲ್ಲಾಸ್ ಹತ್ತಿರ):

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಪಾಯಿಂಟ್ 38 ಸ್ಪೆಷಲ್ ರಿವಾಲ್ವರ್ ತೆಗೆದುಕೊಂಡೆ. ಶನಿವಾರ ರೇಂಜಿಗೆ ಹೋಗುತ್ತೇನೆ. ಗುಂಡಿನ ಖರ್ಚು ಕೈ ಕಚ್ಚುತ್ತಿದೆ. ಹೊಡೆದ ಮೇಲೆ ಉಳಿಯುವ ಕೊಳವೆಗಳನ್ನು, ಅಂದರೆ ಖಾಲಿ ಕೇಸುಗಳನ್ನು, ಬಿಸಾಡದೆ ಡಬ್ಬದಲ್ಲಿ ಕೂಡಿಟ್ಟಿದ್ದೇನೆ. ಅವಕ್ಕೆ ಮನೆಯಲ್ಲೇ ಮತ್ತೆ ಪೌಡರ್ (ಮದ್ದು) ಹಾಕಿ, ತುದಿಗೆ ಬುಲೆಟ್ ಕೂರಿಸುವ ರೀಲೋಡಿಂಗ್ ಕಲಿಯುವ ಆಸೆ. ಆಫೀಸಿನವರೊಬ್ಬರು ಈ ಕೆಲಸ ಮಾಡುವ ತಮ್ಮ ಹಳೆಯ ಯಂತ್ರ, ಪ್ರೋಗ್ರೆಸಿವ್ ಪ್ರೆಸ್ಸನ್ನೂ ಲೇಬಲ್ ಕಿತ್ತುಹೋದ ಅರ್ಧ ಡಬ್ಬ ಪೌಡರನ್ನೂ ಸುಮ್ನೆ ಕೊಡುತ್ತೇನೆ ಅಂದಿದ್ದಾರೆ. ತೆಗೆದುಕೊಳ್ಳಲಾ? ಮನೆಯಲ್ಲಿ ಚಿಕ್ಕ ಮಗ ಇದ್ದಾನೆ, ಹೆಂಡತಿಗೆ ಇದು ಒಂಚೂರೂ ಇಷ್ಟವಿಲ್ಲ. ನಿಜಕ್ಕೂ ದುಡ್ಡು ಉಳಿಯುತ್ತದಾ? ಮಾಡಿದವರು ಹೇಳಿ.

ಫೀನಿಕ್ಸ್‌ನಿಂದ:

ಪೌಡರ್ ಬೇಡ. ಅದನ್ನು ಮನೆಗೇ ತರಬೇಡಿ. ಪಿಸ್ತೂಲಿನ ಪೌಡರ್ ಬೇಗ ಉರಿಯುತ್ತದೆ, ರೈಫಲ್ಲಿನದು ನಿಧಾನ. ಬರೀ ನೋಡಿ ಯಾವುದು ಅಂತ ಹೇಳಲಾಗದು. ಮೂಸಿ ನೋಡಿ, ಬೆರಳಲ್ಲಿ ತಿಕ್ಕಿ ನೋಡಿ ಹೇಳುವವರು ಸಿಗುತ್ತಾರೆ, ಅವರಿಂದ ದೂರ ಇರಿ. ಲೇಬಲ್ ಇದ್ದರೂ ಪೂರ್ತಿ ಓದಬೇಕು. ಎಚ್4350 ಅಂತ ಒಂದಿದೆ, ಐಎಂಆರ್ 4350 ಅಂತ ಇನ್ನೊಂದಿದೆ. ನಂಬರ್ ಒಂದೇ, ಪೌಡರ್ ಬೇರೆ, ಹಾಕುವ ತೂಕವೂ ಬೇರೆ. ಅದೇ ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಹೆಸರು ಬೇರೆ, ಪೌಡರ್ ಒಂದೇ. ಅಂದಾಜಿಗೆ ಇಲ್ಲಿ ಜಾಗವೇ ಇಲ್ಲ.

ಪ್ರೆಸ್ ತೆಗೆದುಕೊಳ್ಳಿ, ಆದರೆ ಈಗಲೇ ಬಿಚ್ಚಬೇಡಿ. ಪ್ರೋಗ್ರೆಸಿವ್‌ನಲ್ಲಿ ಒಂದು ಸಲ ಹ್ಯಾಂಡಲ್ ಎಳೆದರೆ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುತ್ತವೆ. ಕಲಿಯುವವರ ಕಣ್ಣು ಅಷ್ಟು ಕಡೆ ಇರುವುದಿಲ್ಲ. ಮೊದಲು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ ಕೊಳ್ಳಿ. ಆರ್‌ಸಿಬಿಎಸ್, ಲೀ, ಹಾರ್ನಡಿ, ಯಾವ ಕಂಪನಿಯದಾದರೂ ನಡೆಯುತ್ತದೆ. ಹಳೆಯದು ಸಿಕ್ಕರೂ ಸರಿ, ಎರಕದ ಕಬ್ಬಿಣದ ಪ್ರೆಸ್ ಸವೆಯುವುದಿಲ್ಲ. ಪ್ರೆಸ್ಸಿಗೆ ಹಾಕುವ ಅಚ್ಚುಗಳನ್ನು, ಅಂದರೆ ಡೈಗಳನ್ನು ಮಾತ್ರ ಕಾರ್ಬೈಡ್ ಸೆಟ್ಟೇ ತೆಗೆದುಕೊಳ್ಳಿ. ನೇರ ಗೋಡೆಯ ಪಿಸ್ತೂಲ್ ಕೇಸಿಗೆ ಆಗ ಎಣ್ಣೆ ಹಚ್ಚುವ ಗೋಜಿಲ್ಲ. ರೈಫಲ್ ಕೇಸಿಗೆ ಹಚ್ಚಲೇಬೇಕು, ಇಲ್ಲವಾದರೆ ಡೈಯಲ್ಲಿ ಕಚ್ಚಿಕೊಳ್ಳುತ್ತದೆ. ಆ ಕಷ್ಟ ನಿಮಗೆ ಈಗ ಬೇಡ.

ನೀವು ಪಾಯಿಂಟ್ 38ರಿಂದ ಶುರು ಮಾಡುತ್ತಿರುವುದು ಒಳ್ಳೆಯದೇ. ಆದರೆ ಅದರಲ್ಲಿ ಒಂದು ಗುಟ್ಟಿದೆ. ಆ ಕೇಸು 1890ರ ದಶಕದ್ದು, ಹಳೇ ಕಾಲದ ಕಪ್ಪು ಮದ್ದಿನ ಅಳತೆಗೆ ತಕ್ಕಂತೆ ಉದ್ದವಾಗಿದೆ. ಈಗಿನ ಹೊಗೆರಹಿತ ಪೌಡರ್ ಅದರ ತಳದಲ್ಲಿ ಚೂರೇ ಚೂರು ಕೂರುತ್ತದೆ. ಹಾಗಾಗಿ ಮರೆತು ಎರಡು ಸಲ ಹಾಕಿದರೂ ಕೇಸು ತುಂಬಿ ಚೆಲ್ಲುವುದಿಲ್ಲ, ಬುಲೆಟ್ ಆರಾಮವಾಗಿ ಕೂರುತ್ತದೆ. ಹಾಗೆ ಎರಡು ಪಟ್ಟು ಬಿದ್ದದ್ದನ್ನು ಹೊಡೆದರೆ ರಿವಾಲ್ವರಿನ ಸಿಲಿಂಡರ್ ಸೀಳಬಹುದು. ಹಾಕುವುದನ್ನೇ ಮರೆತರೆ ಬರೀ ಪ್ರೈಮರ್ (ಕೇಸಿನ ತಳದಲ್ಲಿ ಕೂತು ಕಿಡಿ ಕೊಡುವ ಪುಟ್ಟ ಬಿಲ್ಲೆ) ಬುಲೆಟ್ಟನ್ನು ನಳಿಗೆಯ ಮಧ್ಯಕ್ಕೆ ತಳ್ಳಿ ಬಿಡುತ್ತದೆ. ಇದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ಅದರ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಹೋಯಿತು. ಶಬ್ದ ಸಪ್ಪೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಗುಂಡೆಲ್ಲ ಹೊರಗೆ ತೆಗೆದು, ನಳಿಗೆಯೊಳಗೆ ಸರಳು ಹಾಕಿ ನೋಡಿ.

ಅದಕ್ಕೇ ಲೋಡಿಂಗ್ ಬ್ಲಾಕ್ ಬಳಸಿ. 50 ಕುಳಿಗಳ ಒಂದು ಹಲಗೆ ಅಷ್ಟೇ. ಪೌಡರ್ ಹಾಕದ ಕೇಸುಗಳೆಲ್ಲ ಬಾಯಿ ಕೆಳಗೆ ಮಾಡಿ ನಿಂತಿರಲಿ. ಒಂದನ್ನು ಎತ್ತಿ, ಹಾಕಿ, ಬಾಯಿ ಮೇಲೆ ಮಾಡಿ ಇಡಿ. ಎಲ್ಲ ಮುಗಿದ ಮೇಲೆ ಟಾರ್ಚ್ ಹಿಡಿದು ಸಾಲು ಸಾಲಾಗಿ ನೋಡಿ. ಇಡ್ಲಿ ತಟ್ಟೆಯಲ್ಲಿ ಒಂದು ಕುಳಿಗೆ ಹಿಟ್ಟು ಜಾಸ್ತಿ ಬಿದ್ದರೆ ಹೇಗೆ ತಕ್ಷಣ ಕಾಣುತ್ತದೋ ಹಾಗೆ ಕಾಣುತ್ತದೆ. ಆಮೇಲಷ್ಟೇ ಬುಲೆಟ್ ಮುಟ್ಟಿ. ಮಧ್ಯೆ ಫೋನ್ ಬಂತಾ? ಆ ಕೇಸಿನ ಪೌಡರನ್ನು ಡಬ್ಬಕ್ಕೆ ಸುರಿದು ಮೊದಲಿಂದ ಶುರು ಮಾಡಿ. ಮೇಜಿನ ಮೇಲೆ ಯಾವಾಗಲೂ ಒಂದೇ ಪೌಡರ್ ಡಬ್ಬ.

ತೂಕ ಎಷ್ಟು ಅಂತ ನನ್ನನ್ನು ಕೇಳಬೇಡಿ, ಯಾರು ಹೇಳಿದರೂ ಬರೆದುಕೊಳ್ಳಬೇಡಿ. ಪೌಡರ್ ಕಂಪನಿ ಅಥವಾ ಬುಲೆಟ್ ಕಂಪನಿಯ ಮ್ಯಾನುಯಲ್ ನೋಡಿ, ನಿಮ್ಮದೇ ಬುಲೆಟ್ಟಿನ ತೂಕದ ಸಾಲಿನಲ್ಲಿ ಕೊಟ್ಟ ಆರಂಭದ ಅಳತೆಯಿಂದ ಶುರು ಮಾಡಿ. ಗರಿಷ್ಠ ಅಂತ ಬರೆದ ಕಾಲಮ್ಮಿಗೆ ಸದ್ಯಕ್ಕೆ ಕೈ ಹಾಕಬೇಡಿ. ಅಳತೆ ಗ್ರೇನ್‌ನಲ್ಲಿ ಇರುತ್ತದೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಇಷ್ಟು ಚಿಕ್ಕ ತೂಕಕ್ಕೆ ಫ್ಯಾನ್ ಗಾಳಿ ಕೂಡ ತಕ್ಕಡಿಯನ್ನು ಅಲ್ಲಾಡಿಸುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಆದರೆ ಅದು ಸರಿ ತೋರಿಸುತ್ತಿದೆಯಾ ಅಂತ ನೋಡಲು ಜೊತೆಗೊಂದು ಚೆಕ್ ವೇಟ್ ಇಟ್ಟುಕೊಳ್ಳಿ.

ಕೂಡಿಟ್ಟ ಕೇಸುಗಳನ್ನು ಮೊದಲು ಆರಿಸಿ. ಬಾಯಿ ಸೀಳಿದ್ದು, ಸ್ಟೀಲು, ಅಲ್ಯೂಮಿನಿಯಂ ಎಲ್ಲ ಕಸಕ್ಕೆ. ಹಿತ್ತಾಳೆಯದನ್ನು ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಪ್ರೈಮರ್, ಅದು ಬೇಕು. ಎರಡು ಸಣ್ಣ ತೂತಿದ್ದರೆ ಬರ್ಡನ್, ಅದನ್ನು ಡೈಗೆ ಹಾಕಿದರೆ ಹಳೇ ಪ್ರೈಮರ್ ಹೊರಗೆ ತಳ್ಳುವ ಪಿನ್ ಮುರಿಯುತ್ತದೆ. ಎರಡೂ ಅವನ್ನು ಕಂಡುಹಿಡಿದವರ ಹೆಸರು. ತಮಾಷೆ ನೋಡಿ, ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಬರ್ಡನ್ ಅಮೆರಿಕನ್. ಅಮೆರಿಕದಲ್ಲಿ ಎಲ್ಲರೂ ಬಳಸುವುದು ಬ್ರಿಟಿಷನದ್ದು!

ಕೊನೆಯ ಹಂತದ ಕ್ರಿಂಪ್ ಬಿಡಬೇಡಿ. ಕೇಸಿನ ಬಾಯಿಯನ್ನು ಬುಲೆಟ್ಟಿನ ಗೀರಿನೊಳಕ್ಕೆ ಮಡಚುವ ಕೆಲಸ ಅದು. ಮಾಡದಿದ್ದರೆ ರಿವಾಲ್ವರಿನ ಹೊಡೆತಕ್ಕೆ ಉಳಿದ ಗುಂಡುಗಳ ಬುಲೆಟ್ ಮುಂದಕ್ಕೆ ಸರಿದು ಸಿಲಿಂಡರ್ ತಿರುಗುವುದೇ ನಿಂತುಹೋಗುತ್ತದೆ.

ಒಹಾಯೋದಿಂದ:

ನನ್ನ ಯಜಮಾನರು ರೀಲೋಡ್ ಮಾಡುತ್ತಾರೆ, ನಿಮ್ಮ ಮನೆಯವರ ಪರವಾಗಿ ನಾನು ಮಾತಾಡುತ್ತೇನೆ. ಅವರ ಭಯ ಬಹುಶಃ ಸ್ಫೋಟದ್ದು. ನನ್ನ ಪ್ರಕಾರ ಜಾಸ್ತಿ ಹೆದರಬೇಕಾದದ್ದು ಸೀಸಕ್ಕೆ. ಪ್ರೈಮರಿನಲ್ಲಿ ಸಾಮಾನ್ಯವಾಗಿ ಸೀಸದ ರಾಸಾಯನಿಕ ಇರುತ್ತದೆ, ಹೊಡೆದ ಕೇಸಿನೊಳಗಿನ ಮಸಿಯಲ್ಲಿ ಅದು ಉಳಿದಿರುತ್ತದೆ. ಕೇಸು ತಿಕ್ಕುವ ಟಂಬ್ಲರನ್ನು ಒಣಗಿದ ಹೊಟ್ಟು ಹಾಕಿ ಮನೆಯೊಳಗೆ ಓಡಿಸಿದರೆ ಆ ಧೂಳೆಲ್ಲ ಗಾಳಿಗೆ. ನಮ್ಮಲ್ಲಿ ನೀರು, ಸೋಪು, ಸ್ಟೀಲ್ ಪಿನ್ ಹಾಕಿ ಒದ್ದೆಯಾಗಿಯೇ ತೊಳೆಯುತ್ತಾರೆ. ಆ ನೀರು ಅಡುಗೆಮನೆಯ ಸಿಂಕಿಗೆ ಬರುವ ಹಾಗಿಲ್ಲ. ಮೇಜಿನ ಹತ್ತಿರ ಕಾಫಿ ಲೋಟವೂ ಇಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಅಂಗಿ ಬದಲಿಸಿದ ಮೇಲೇ ಮಗುವನ್ನು ಎತ್ತಿಕೊಳ್ಳುವುದು. ಮಗನಿಗೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಲು ಮಕ್ಕಳ ಡಾಕ್ಟರಿಗೆ ಹೇಳಿ, ಮಾಡುತ್ತಾರೆ. 2021ರಿಂದ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಗಮನಿಸಬೇಕಾದ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೊಗ್ರಾಂಗೆ ಇಳಿಸಿದೆ.

ಇನ್ನು ಇಡುವ ಜಾಗ. ಮಗು ಇದೆ ಅಂತ ಪೌಡರನ್ನು ಕಬ್ಬಿಣದ ಗನ್ ಸೇಫಿನಲ್ಲಿ ಇಡಲು ಹೋಗಬೇಡಿ. ಹೊರಗೆ ಉರಿದರೆ ಪೌಡರ್ ಭರ್ರೆಂದು ಉರಿದು ಹೋಗುತ್ತದೆ, ಗಟ್ಟಿ ಪೆಟ್ಟಿಗೆಯೊಳಗೆ ಉರಿದರೆ ಒತ್ತಡ ಕಟ್ಟಿ ಬಾಂಬ್ ಆಗುತ್ತದೆ. ಬೀಗ ಹಾಕಿದ ಮರದ ಕಪಾಟು, ತಂಪಾದ ಒಣ ಜಾಗ, ಅಷ್ಟು ಸಾಕು. ಪೌಡರ್ ಅದರ ಡಬ್ಬದಲ್ಲೇ, ಪ್ರೈಮರ್ ಅದರ ಟ್ರೇಯಲ್ಲೇ ಇರಲಿ. ಪ್ರೈಮರುಗಳನ್ನು ಗಾಜಿನ ಬಾಟಲಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ. ಬೆಂಕಿ ಸುರಕ್ಷತೆಯ ಎನ್‌ಎಫ್‌ಪಿಎ ನಿಯಮದಲ್ಲಿ ಮನೆಯಲ್ಲಿ ಬರೀ ಅದರ ಡಬ್ಬದಲ್ಲಿ ಇಡುವುದಾದರೆ 20 ಪೌಂಡ್ ಪೌಡರ್, 10,000 ಪ್ರೈಮರ್ ಅಂತ ಮಿತಿ ಇದೆ. ಅಪಾರ್ಟ್‌ಮೆಂಟ್ ಆದರೆ ಲೀಸ್ ಓದಿ.

ನ್ಯೂಜೆರ್ಸಿಯಿಂದ:

ಇದನ್ನು ಓದುತ್ತಿರುವ ಎಚ್-1ಬಿ ಕೆಲಸದ ವೀಸಾದ ಗೆಳೆಯರಿಗೆ ಒಂದು ಮಾತು. ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ ಅಂತ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಇನ್ನೂ ಒಂದೆರಡು ಇವೆ. "ನಾನು ಗುಂಡು ಇಟ್ಟಿಲ್ಲ, ಖಾಲಿ ಕೇಸು, ಪ್ರೈಮರ್ ಅಷ್ಟೇ" ಅಂದರೆ ನಡೆಯುವುದಿಲ್ಲ. ಆ ಕಾನೂನಿನಲ್ಲಿ ಗುಂಡು ಅಂದರೆ ಕೇಸು, ಪ್ರೈಮರ್, ಬುಲೆಟ್, ಪೌಡರ್ ಇವೂ ಸೇರಿವೆ. ಸಿಂಗಲ್ ಸ್ಟೇಜ್, ಪ್ರೋಗ್ರೆಸಿವ್ ಚರ್ಚೆಗಿಂತ ಮೊದಲು ಇದನ್ನು ವಕೀಲರ ಹತ್ತಿರ ಕೇಳಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವವರಂತೂ ಇನ್ನೂ ಹುಷಾರು.

ಸೋಮವಾರಪೇಟೆಯಿಂದ:

ನಮ್ಮ ಕಡೆಯವರೂ ಇದನ್ನು ಓದುತ್ತಾರೆ ಅಂತ ಬರೆಯುತ್ತಿದ್ದೇನೆ. ಕೊಡವರಿಗೆ, ಕೊಡಗಿನ ಜಮ್ಮಾ ಜಮೀನು ಹಿಡುವಳಿಯವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಬೇರೆ ಕಲಮಿಗೆ ಬರುತ್ತದೆ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಅಮೆರಿಕದ ವಿಡಿಯೋ ನೋಡಿ ಅಟ್ಟದ ಮೇಲಿನ ಹಳೇ ತೋಟಾಗಳಿಗೆ ಮದ್ದು ತುಂಬಲು ಕೂರಬೇಡಿ.

ಅಮೆರಿಕದಲ್ಲಿರುವ ಅಣ್ಣಂದಿರಿಗೆ ಇನ್ನೊಂದು ಮಾತು. ರೇಂಜಿಗೆ ಒಯ್ಯುವ ಬ್ಯಾಗನ್ನೇ ಊರಿಗೆ ತರಬೇಡಿ. ಮೂಲೆಯಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ನಮ್ಮ ಏರ್‌ಪೋರ್ಟಿನಲ್ಲಿ ಪೊಲೀಸ್ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಬಂತು ಅಂತ ಹೈಕೋರ್ಟಿನಲ್ಲಿ ರದ್ದು ಮಾಡಿಸಿಕೊಂಡವರಿದ್ದಾರೆ, ಆದರೆ ರಜೆಯೆಲ್ಲ ಅದರಲ್ಲೇ ಕಳೆಯುತ್ತದೆ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಪೌಡರ್ ಬೇಡ ಅಂತ ಅವರಿಗೆ ಹೇಳಿದೆ. ಒಹಾಯೋ ಮೇಡಂ ಬರೆದದ್ದನ್ನು ಹೆಂಡತಿಗೆ ಓದಿಸಿದೆ, ಗ್ಯಾರೇಜ್ ಆದರೆ ಸರಿ ಅಂದಳು. ದುಡ್ಡಿನ ವಿಷಯ ಯಾರೂ ಹೇಳಲಿಲ್ಲ!

ಫೀನಿಕ್ಸ್‌ನಿಂದ:

ಹೇಳುತ್ತೇನೆ. ಗುಂಡಿನಲ್ಲಿ ದುಬಾರಿ ಭಾಗ ಹಿತ್ತಾಳೆ ಕೇಸು, ಅದು ನಿಮ್ಮ ಹತ್ತಿರ ಇದೆ. ರಿವಾಲ್ವರ್ ಆದ್ದರಿಂದ ಕೇಸು ಎಲ್ಲೋ ಹಾರಿ ಹೋಗುವುದೂ ಇಲ್ಲ. 9 ಎಂಎಂ ಆಗಿದ್ದರೆ ಅಂಗಡಿಯಲ್ಲೇ ಕೊಳ್ಳಿ ಅನ್ನುತ್ತಿದ್ದೆ, ಅದು ಅಗ್ಗ. ಪಾಯಿಂಟ್ 38 ಅಂಗಡಿಯಲ್ಲಿ ದುಬಾರಿ, ಹಾಗಾಗಿ ಪ್ರತಿ ಗುಂಡಿಗೂ ಉಳಿತಾಯ ಕಾಣುತ್ತದೆ. ಆದರೆ ಪ್ರೆಸ್, ಡೈ, ತಕ್ಕಡಿಯ ಖರ್ಚು ಹುಟ್ಟಲು ಕಾಲ ಬೇಕು. ಪ್ರೈಮರಿನ ಬೆಲೆಯನ್ನೂ ನಂಬುವ ಹಾಗಿಲ್ಲ. 2020ರ ನಂತರ ಅಂಗಡಿಗಳಲ್ಲಿ ಸಿಗುತ್ತಲೇ ಇರಲಿಲ್ಲ, ಸಿಕ್ಕರೆ ಕಂಡಾಪಟ್ಟೆ ರೇಟು. ಇನ್ನೊಂದು ಸತ್ಯ ಹೇಳಿಬಿಡುತ್ತೇನೆ: ಗುಂಡು ಅಗ್ಗವಾದರೆ ನೀವು ಹೊಡೆಯುವುದೇ ಜಾಸ್ತಿ ಆಗುತ್ತದೆ. ತಿಂಗಳ ಬಿಲ್ಲು ಅಷ್ಟೇ ಇರುತ್ತದೆ, ಗುರಿ ಮಾತ್ರ ಸುಧಾರಿಸುತ್ತದೆ.

ಗೆಳೆಯರು "ನಮಗೂ ಮಾಡಿಕೊಡಿ, ದುಡ್ಡು ಕೊಡುತ್ತೇವೆ" ಅನ್ನುತ್ತಾರೆ. ಮಾರುವುದಕ್ಕೆ ತಯಾರಿಸಲು ಫೆಡರಲ್ ಲೈಸೆನ್ಸ್ ಬೇಕು, ಸ್ವಂತಕ್ಕೆ ಬೇಡ. ದುಡ್ಡಿಲ್ಲದೆಯೂ ಕೊಡಬೇಡಿ. ಬೇರೆಯವರು ತುಂಬಿದ್ದನ್ನು ನೀವೂ ಹೊಡೆಯಬೇಡಿ.

ಈ ಶನಿವಾರ ಬೇರೆ ಏನೂ ಕೊಳ್ಳದೆ ಒಂದು ಮ್ಯಾನುಯಲ್ ತಂದು ಅದರ ಮೊದಲ ಅಧ್ಯಾಯಗಳನ್ನು ಓದಿ. ಎಲ್ಲರೂ ಅವನ್ನು ಬಿಟ್ಟು ನೇರ ಅಳತೆಯ ಪಟ್ಟಿಗೆ ಹೋಗುತ್ತಾರೆ. ಆ ಪ್ರೋಗ್ರೆಸಿವ್ ಪ್ರೆಸ್ ಯಾವ ಕಂಪನಿಯದು ಅಂತ ತಿಳಿಸಿ. ಡಿಲ್ಲನ್ ಆದರೆ ಸವೆದ ಭಾಗಗಳನ್ನು ಅವರೇ ಕಳಿಸುತ್ತಾರೆ.