‘ನರಹಕ್ಕು’ ಎಂದರೆ ಯಾರ ಹಕ್ಕು?

ನಮಸ್ಕಾರ. ನ್ಯೂರೋರೈಟ್ಸ್ ಬಗ್ಗೆ, ಅಂದರೆ ಮಿದುಳಿನ ಚಟುವಟಿಕೆಯನ್ನೂ ಅದರ ಮಾಹಿತಿಯನ್ನೂ ಯಂತ್ರಗಳಿಂದ ಕಾಪಾಡುವ ಹಕ್ಕುಗಳ ಬಗ್ಗೆ, ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ.

ನರರೋಗ, ನರವಿಜ್ಞಾನ ಎನ್ನುತ್ತೇವಲ್ಲ, ಅದೇ ಜಾಡಿನಲ್ಲಿ ‘ನರಹಕ್ಕು’ ಎಂದು ಬರೆದೆ. ಗೆಳೆಯರೊಬ್ಬರು ಓದಿ, “ಮಾನವ ಹಕ್ಕು ಅಂತಲೇ ಬರೆಯಬಹುದಿತ್ತು, ಹಳೆಗನ್ನಡ ಯಾಕೆ?” ಎಂದರು. ಅವರ ತಪ್ಪಲ್ಲ. ನರಬಲಿ, ನರಭಕ್ಷಕ ಎನ್ನುವಾಗಿನ ನರ ಸಂಸ್ಕೃತದ್ದು, ಮನುಷ್ಯ ಎಂದರ್ಥ. ‘ನರ ಸೆಳೆಯಿತು’ ಎನ್ನುವಾಗಿನ ನರ ದ್ರಾವಿಡ ಪದ, ತಮಿಳಿನ ನರಂಬು ಇದರ ನಂಟ. ‘ಹಕ್ಕು’ ಪಕ್ಕದಲ್ಲಿ ಬಂದು ಕೂತಿತೋ, ಮೊದಲನೆಯದೇ ಗೆಲ್ಲುತ್ತದೆ.

ಸರಿ ಎಂದು ‘ಮಿದುಳಿನ ಹಕ್ಕು’ ಮಾಡಿದೆ. ಈಗ ಬೇರೆ ತೊಡಕು. ಕಾರ್ಮಿಕರ ಹಕ್ಕು ಎಂದರೆ ಕಾರ್ಮಿಕರಿಗೆ ಇರುವ ಹಕ್ಕು. ಭೂಮಿಯ ಹಕ್ಕು ಎಂದರೆ ಭೂಮಿಯ ಮೇಲಿನ ಹಕ್ಕು. ಮಿದುಳಿನದು ಯಾವ ಸಾಲಿಗೆ? ಎರಡನೆಯದಾದರೆ ಮಿದುಳೂ ಮಾರಬಹುದಾದ ಆಸ್ತಿ ಎಂಬ ವಾಸನೆ ಬರುತ್ತದೆ. ಇದು ಸುಮ್ನೆ ವ್ಯಾಕರಣದ ತಕರಾರಲ್ಲ. ತಲೆಗೆ ಕಟ್ಟಿಕೊಂಡರೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಇಇಜಿ ಪಟ್ಟಿಯನ್ನು ಈಗ ಯಾರು ಬೇಕಾದರೂ ಕೊಳ್ಳಬಹುದು. ಅದು ಹಿಡಿದ ಸಂಕೇತ ಯಾರದ್ದು ಎನ್ನುವುದೇ ಜಗಳ. ಚಿಲಿ ದೇಶ 2021ರಲ್ಲಿ ಸಂವಿಧಾನವನ್ನೇ ತಿದ್ದಿ, ಮಿದುಳಿನ ಚಟುವಟಿಕೆಯನ್ನೂ ಅದರಿಂದ ಸಿಗುವ ಮಾಹಿತಿಯನ್ನೂ ವಿಶೇಷವಾಗಿ ಕಾಪಾಡಬೇಕು ಎಂದಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಂಥ ಸಾಧನ ಮಾರುವ ಒಂದು ಕಂಪನಿಗೆ ಬಳಕೆದಾರರೊಬ್ಬರ ಮಾಹಿತಿ ಅಳಿಸಲು ಹೇಳಿತು. ಅಲ್ಲಿ ಹೆಸರು ಹಿಡಿದು ಹೇಳಿರುವುದು ಮಿದುಳನ್ನೇ. ಹಾಗಾಗಿ ‘ಮನೋಹಕ್ಕು’ ಎಂಬ ಸಲಹೆಯನ್ನು ಬದಿಗಿಟ್ಟೆ. ಕೇಳಲು ಚೆನ್ನಾಗಿದೆ, ಆದರೆ ಯಂತ್ರ ಮುಟ್ಟುವುದು ಮಿದುಳನ್ನು.

ಇನ್ನು ಅದೇ ಲೇಖನದಲ್ಲಿ ಬರುವ ಮೆಂಟಲ್ ಪ್ರೈವಸಿ. ಪ್ರೈವಸಿಗೆ ‘ಗೌಪ್ಯತೆ’ ಎಂದು ಬರೆಯುವುದು ಜಾಸ್ತಿ. ಆದರೆ ಗುಟ್ಟು ಎಂದಮೇಲೆ ಅದು ಇಟ್ಟುಕೊಂಡವರಿಗಾದರೂ ಗೊತ್ತಿರಬೇಕು, ಅಲ್ವಾ? ಇಇಜಿಯಲ್ಲಿ ಮೂರ್ಛೆರೋಗದ ಸುಳಿವು ಕಾಣಿಸಬಹುದು. ಪಟ್ಟಿ ಕಟ್ಟಿಕೊಂಡವರಿಗೆ ಅದರ ಅರಿವೇ ಇಲ್ಲದಿರಬಹುದು. ತನಗೇ ಗೊತ್ತಿಲ್ಲದ್ದನ್ನು ಬಚ್ಚಿಡುವುದು ಹೇಗೆ? ‘ಖಾಸಗಿತನ’ ವಾಸಿ. ಅದರಲ್ಲಿ ಮುಚ್ಚಿಡುವ ಮಾತಿಲ್ಲ, ‘ಒಳಗೆ ಬರಬೇಡಿ’ ಎನ್ನುವ ಮಾತಿದೆ.

‘ಮನಸ್ಸು ಓದುವ ಯಂತ್ರ’ ಎಂಬುದನ್ನಂತೂ ಹೊಡೆದುಹಾಕಿದೆ. ಕನ್ನಡದಲ್ಲಿ ಮನಸ್ಸನ್ನು ಅರಿಯುತ್ತೇವೆ. ಈ ಯಂತ್ರಗಳು ಅರಿಯುವುದೂ ಇಲ್ಲ, ಸಂಕೇತ ನೋಡಿ ಊಹಿಸುತ್ತವೆ.

ಸದ್ಯಕ್ಕೆ ವಿಭಕ್ತಿ ಬಿಟ್ಟು ‘ಮಿದುಳುಹಕ್ಕು’ ಎಂದು ಇಟ್ಟಿದ್ದೇನೆ. ಎರಡು ಸಾಲಿನ ಜಗಳ ತಪ್ಪಿತು, ಬಾಯಿಗೆ ಮಾತ್ರ ಇನ್ನೂ ಒಗ್ಗಿಲ್ಲ. ಇದಕ್ಕಿಂತ ಹಗುರವಾದ ಪದವನ್ನು ಯಾರಾದರೂ ಬಳಸಿದ್ದೀರಾ?